ಅಳದ ತವರ

ಜೀವಕೋಶದ ಪಾಠವನ್ನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ಚಾಮರಾಜನಗರದ ಒಂದು ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಉಪನ್ಯಾಸಕಿ. ಬೋರ್ಡಿನ ಮೇಲೆ ಅವರೆಕಾಳಿನ ಆಕಾರ ಬರೆದು, ಒಳಗೆ ಅಂಕುಡೊಂಕು ಗೆರೆ ಎಳೆದು, "ಮೈಟೋಕಾಂಡ್ರಿಯಾ, ಜೀವಕೋಶದ ಶಕ್ತಿಕೇಂದ್ರ, ಬರ್ಕೊಳ್ಳಿ" ಅಂದರೆ ಮುಗಿಯಿತು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಕಕ್ಕುತ್ತಾರೆ, ನಾನು ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಮಗು ಎದ್ದು ನಿಂತು "ಆ ಶಕ್ತಿಕೇಂದ್ರ ಕೆಟ್ಟರೆ ಏನಾಗುತ್ತೆ ಮೇಡಂ" ಅಂತ ಕೇಳಲಿಲ್ಲ. ಕೇಳಿದ್ದರೆ ನಾನೇನು ದೊಡ್ಡ ಉತ್ತರ ಕೊಡುತ್ತಿರಲಿಲ್ಲ. ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ ಅನ್ನುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು.

ಅದು ಕೆಟ್ಟರೆ ಏನಾಗುತ್ತದೆ ಅನ್ನುವುದು ನನ್ನ ಅಣ್ಣನ ಮೈಯಲ್ಲಿ, ನನ್ನ ಕಣ್ಣೆದುರಿಗೇ, ಎರಡು ವರ್ಷ ನಡೆಯಿತು. ನಾನು ಎದುರಿಗೆ ಕೂತು ಅನ್ನ ಉಣ್ಣುತ್ತಿದ್ದೆ.

ಅಣ್ಣ ಗುಂಡ್ಲುಪೇಟೆಯಲ್ಲಿ ಕಲಾಯಿ ಹಾಕುವವನು. ನಮ್ಮಪ್ಪ, ಅಬ್ಬಾನ ಕಾಲದಿಂದ ಬಂದ ಕೆಲಸ. ತಾಮ್ರ ಹಿತ್ತಾಳೆ ಪಾತ್ರೆಯನ್ನು ಬೆಂಕಿಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಅದು ಕರಗಿದ ಕೂಡಲೇ ಹತ್ತಿಯಿಂದ ಒಳಗೆಲ್ಲ ಉಜ್ಜಿದರೆ ಕನ್ನಡಿಯ ಹಾಗೆ ಬೆಳ್ಳಗಾಗುತ್ತದೆ. ಸ್ಟೀಲು ಬಂದ ಮೇಲೆ ಮನೆ ಪಾತ್ರೆಗಳು ನಿಂತುಹೋದವು. ಆದರೆ ಮದುವೆಯ ಬಿರಿಯಾನಿ ಮಾಡುವ ದೊಡ್ಡ ತಾಮ್ರದ ದೇಗುಗಳು ಇವೆಯಲ್ಲ, ಅವು ಸ್ಟೀಲಿಗೆ ಬಗ್ಗಲಿಲ್ಲ. ಅದರಿಂದಲೇ ಅಣ್ಣನ ಬದುಕು ನಡೆಯುತ್ತಿತ್ತು. ಅದರಿಂದಲೇ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದಿದ್ದು ಕೂಡ. ಅಬ್ಬಾ ಹೋದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅಣ್ಣ ತನ್ನ ಓದು ಬಿಟ್ಟು ಕಲಾಯಿ ಒಲೆಯ ತಿದಿ ಹಿಡಿದ, ನನ್ನ ಕೈಗೆ ಪುಸ್ತಕ ಕೊಟ್ಟ.

ನಾನು ಮದುವೆಯಾಗಲಿಲ್ಲ. ಯಾಕೆ ಏನು ಅಂತ ಕೇಳಬೇಡಿ, ಕೇಳಿದವರಿಗೆಲ್ಲ ಬೈದು ಬೈದು ಸಾಕಾಗಿದೆ. ಪ್ರತಿ ಭಾನುವಾರ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗುತ್ತಿದ್ದೆ. ಭಾಭಿ, ಅಂದರೆ ನನ್ನ ಅತ್ತಿಗೆ, ಖಟ್ಟಾ ಮಾಡಿರುತ್ತಿದ್ದಳು: ಬೇಳೆಗೆ ಗಟ್ಟಿಯಾಗಿ ಹುಣಸೆರಸ ಹಿಂಡಿದ ಸಾರು. ಅಮ್ಮನ ಕಾಲದ ತಾಮ್ರದ ಪಾತ್ರೆಯಲ್ಲೇ ಅದು ಕುದಿಯಬೇಕು, ಬೇರೆಯದರಲ್ಲಿ ಮಾಡಿದರೆ ಅಣ್ಣನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಲಾಯಿಯವನ ಮನೆಯ ಪಾತ್ರೆ ಸದಾ ಫಳಫಳ ಹೊಳೆಯುತ್ತಿತ್ತು. ಮೂರು ತಿಂಗಳಿಗೊಮ್ಮೆ ಅದಕ್ಕೆ ಹೊಸ ಕಲಾಯಿ.

ನಾನು ಹೋಗುವಾಗ ಬರಿಗೈಯಲ್ಲಿ ಹೋದವಳಲ್ಲ. ಒಂದು ಸ್ವೆಟರ್, ಒಂದು ಮಿಕ್ಸಿ, ಕಾಲೇಜಿನ ಉಗ್ರಾಣ ಖಾಲಿ ಮಾಡುವಾಗ ಯಾರಿಗೆ ಬೇಕೋ ಒಯ್ಯಿರಿ ಅಂದಿದ್ದಕ್ಕೆ ಗಾಜಿನ ಜಾಡಿಗಳು, ಒಂದಿಷ್ಟು ತವರದ ತಂತಿ, ಕಬ್ಬಿಣದ ಸ್ಟ್ಯಾಂಡು, ಹೀಗೆ ಸಿಕ್ಕಿದ್ದೆಲ್ಲ ಹೊತ್ತುಕೊಂಡು ಹೋಗುತ್ತಿದ್ದೆ. ಅಣ್ಣನಿಗೆ ಅದು ಮುಜುಗರ. ತಂಗಿಗೆ ಕೊಡಬೇಕೇ ಹೊರತು ತಂಗಿಯಿಂದ ತಗೊಳ್ಳಬಾರದು, ತಗೊಂಡರೂ ಅದರಿಂದ ಒಂದು ಕಾಸು ಸಂಪಾದನೆ ಮಾಡಬಾರದು ಅಂತ ಅಬ್ಬಾನ ಕಟ್ಟಳೆಯಿತ್ತಂತೆ. ಆ ಮಿಕ್ಸಿಯಲ್ಲಿ ಪಕ್ಕದ ಮನೆಯವರು ಮಸಾಲೆ ರುಬ್ಬಿಸಿಕೊಂಡು ಹತ್ತು ರೂಪಾಯಿ ಇಟ್ಟು ಹೋಗಿದ್ದರೆ ಓಡಿಹೋಗಿ ವಾಪಸ್ಸು ಕೊಟ್ಟು ಬಂದಿದ್ದ. ನಾನು ನಕ್ಕಿದ್ದೆ.

ಮೊದಲು ಗೊತ್ತಾಗಿದ್ದು ಸುಸ್ತು. ಅಣ್ಣ ಮಧ್ಯಾಹ್ನ ಮಲಗುವವನೇ ಅಲ್ಲ. ಅಂಥವನು ಊಟ ಮಾಡಿ ಅಲ್ಲೇ ಗೋಡೆಗೆ ಒರಗಿಬಿಡುತ್ತಿದ್ದ. ಆಮೇಲೆ ಹೊಟ್ಟೆ ಹಿಂಡುವ ನೋವು. ಆಮೇಲೆ ಸಿಡುಕು. ನಮ್ಮ ಮನೆಯಲ್ಲಿ ಸಿಡುಕುವ ಗುತ್ತಿಗೆ ನನ್ನದು, ಅಣ್ಣ ಗಟ್ಟಿಯಾಗಿ ಮಾತಾಡಿದ್ದೇ ನಾನು ಕೇಳಿರಲಿಲ್ಲ. ಅಂಥವನು ಒಂದು ದಿನ ಭಾಭಿಯ ಮೇಲೆ ಉಪ್ಪಿನ ಡಬ್ಬಿ ಎಸೆದ. ಎಸೆದವನೇ ಐದು ನಿಮಿಷ ಬಿಟ್ಟು "ಉಪ್ಪು ಎಲ್ಲದೆ?" ಅಂತ ಕೇಳಿದ.

"ನೆಲದ ಮೇಲದೆ, ನೀನೇ ಎಸ್ದಿದ್ದು," ಅಂದೆ.

"ನಾನಾ?" ಅಂದ. ಅವನ ಮುಖ ನೋಡಿದರೆ ನಾಟಕ ಅನ್ನುವಂತಿರಲಿಲ್ಲ.

ನಮ್ಮ ಮನೆಯ ಮಾತು ಉರ್ದು. ಆದರೆ ಅಣ್ಣ ಹುಟ್ಟಿದಾಗಿನಿಂದ ಬೀದಿಯಲ್ಲಿ ಕೂತು ಕೆಲಸ ಮಾಡಿದವನು, ಕೆಲಸದ ಮಾತು, ಕಷ್ಟದ ಮಾತು ಬಂದರೆ ಗುಂಡ್ಲುಪೇಟೆ ಕನ್ನಡವೇ ಅವನ ಬಾಯಿಗೆ ಬರುವುದು. ಐವತ್ತು ದಾಟಿದ ನನ್ನನ್ನು ಇನ್ನೂ ಚಿಕ್ಕ ಹುಡುಗಿಯನ್ನು ಕರೆಯುವ ಹಾಗೆ 'ಕಣಮ್ಮಿ' ಅಂತಲೇ ಮಾತಾಡಿಸುತ್ತಾನೆ, ಅದೂ ನನ್ನ ವಿದ್ಯಾರ್ಥಿಗಳ ಎದುರಿಗೆ. ಅವರು ಬಾಯಿ ಮುಚ್ಚಿಕೊಂಡು ನಗುವುದು ನನಗೆ ಕಾಣುವುದಿಲ್ಲ ಅಂದುಕೊಂಡಿದ್ದಾರೆ.

ಡಾಕ್ಟರ ಹತ್ತಿರ ಹೋದೆವು. ಮೊದಲನೆಯವರು ಗ್ಯಾಸ್ಟ್ರಿಕ್ ಅಂದರು. ಎರಡನೆಯವರು ರಕ್ತ ಕಮ್ಮಿ, ಕಬ್ಬಿಣದ ಮಾತ್ರೆ ನುಂಗಿ ಅಂದರು. ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ, ಹೊಟ್ಟೆ ಮಾತ್ರ ಇನ್ನಷ್ಟು ಕಟ್ಟಿತು. ಮೂರನೆಯವರು ಕತ್ತಿನ ಎಕ್ಸರೇ ತೆಗೆಸಿ ಮೂಳೆ ಸವೆದಿದೆ ಅಂದರು. ನಾಲ್ಕನೆಯವರು ನನ್ನನ್ನು ಪಕ್ಕಕ್ಕೆ ಕರೆದು "ಮನೇಲಿ ಏನಾದ್ರೂ ಟೆನ್ಷನ್ನಾ?" ಅಂದರು. ಶುಗರ್ ಇಲ್ಲ, ಥೈರಾಯ್ಡ್ ಇಲ್ಲ, ಬಿಪಿ ಒಂದು ದಿನ ಇದೆ ಒಂದು ದಿನ ಇಲ್ಲ. ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ತುಂಬ ರಿಪೋರ್ಟು. ಒಂದಕ್ಕೊಂದು ತಾಳೆಯಾಗದು. ನಾನು ಭಾನುವಾರ ರಾತ್ರಿ ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಿದ್ದೆ. ಓದಿದಷ್ಟೂ ತಲೆ ಕೆಡುತ್ತಿತ್ತು. ಎಂ.ಎಸ್ಸಿ. ಮಾಡಿದವಳಿಗೆ ಸ್ವಂತ ಅಣ್ಣನಿಗೆ ಏನಾಗಿದೆ ಅಂತ ತಲೆಬುಡ ತಿಳಿಯುತ್ತಿಲ್ಲವಲ್ಲ ಅಂತ ಸಿಟ್ಟು. ಯಾರ ಮೇಲೆ ಅಂತಲೂ ಗೊತ್ತಿಲ್ಲದ ಸಿಟ್ಟು.

ಭಾಭಿಯ ಲೆಕ್ಕದಲ್ಲಿ ಅದು ದೃಷ್ಟಿ. ಎಲ್ಲಿಂದಲೋ ತಾಯಿತ ಮಾಡಿಸಿ ತಂದಳು. ಕಟ್ಟುವುದಕ್ಕೆ ಕಪ್ಪು ದಾರ ಬೇಕಿತ್ತು. ಅವಳ ಹೊಲಿಗೆ ಡಬ್ಬಿಯಿಂದ ಒಂದು ಹಳದಿ ಪ್ಲಾಸ್ಟಿಕ್ ರೀಲು ತೆಗೆದು ಬಿಚ್ಚಿದಳು. ನಾನೇ ರೀಲು ಹಿಡಿದುಕೊಂಡೆ, ನಾನೇ ಹಲ್ಲಿನಿಂದ ದಾರ ಕಡಿದೆ. ಬೇಡ ಅನ್ನಲಿಲ್ಲ. ಅಷ್ಟು ಹೊತ್ತಿಗೆ ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ. ಭಾಭಿಗೂ ಆಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ನನಗೂ ಎರಡನೇ ಪೀರಿಯಡ್ಡಿಗೇ ಕಾಲು ಸೋಲುತ್ತಿತ್ತು. ನಮ್ಮದನ್ನು ವಯಸ್ಸು ಅಂದುಕೊಂಡೆವು.

ಆಮೇಲೆ ಒಂದು ಭಾನುವಾರ ಅಣ್ಣನ ಬಲಗೈ ಸೋತಿತು. ಊಟಕ್ಕೆ ಕೂತಿದ್ದೆವು. ನನಗೆ ಬಡಿಸಲು ಸೌಟು ಎತ್ತಿದ. ಸೌಟು ಎದ್ದಿತು, ಮಣಿಕಟ್ಟು ಏಳಲಿಲ್ಲ. ಕೈ ಜೋತುಬಿತ್ತು, ಸಾರು ನನ್ನ ತಟ್ಟೆಯ ಪಕ್ಕ ನೆಲದ ಮೇಲೆ ಹರಿಯಿತು.

"ಅದ್ಯಾಕಮ್ಮಿ ಅಂಗ್ ನೋಡ್ತೀಯೆ? ಕೈ ಜಾರ್ತು ಅಷ್ಟೇಯ," ಅಂದ.

"ಎತ್ತು ನೋಡನ ಇನ್ನೊಂದ್ಸಲ."

"ಉಣ್ಣಮ್ಮಿ ಸುಮ್ನೆ. ಯಾವಾಗ್ಲೂ ಪರೀಕ್ಷೆ ಮಾಡ್ತಳೆ."

"ಎತ್ತು ಅಂದೆ!"

ಎತ್ತಲಿಲ್ಲ. ಎತ್ತಲು ಆಗಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತ. ಕಲಾಯಿಯವನಿಗೆ ಮಣಿಕಟ್ಟು ಹೋದರೆ ಉಳಿದಿದ್ದೇನು? ಬಿಸಿ ಪಾತ್ರೆಯೊಳಗೆ ಹತ್ತಿ ತಿರುಗಿಸುವುದೆಲ್ಲ ಮಣಿಕಟ್ಟಿನ ಕೆಲಸ. ಈ ಕೈ ವಾಪಸ್ಸು ಬರುತ್ತದೋ ಇಲ್ಲವೋ, ಅಂದಿನಿಂದ ನನಗೆ ಅದೊಂದೇ ಚಿಂತೆ.

ಮಾರನೆಯ ದಿನವೇ ರಜೆ ಹಾಕಿ ಅವನನ್ನು ಚಾಮರಾಜನಗರದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು. ನಾನು ರಿಪೋರ್ಟಿನ ಚೀಲ ಮೇಜಿನ ಮೇಲೆ ಸುರಿದೆ. ಅವಳು ಅದನ್ನು ಮುಟ್ಟಲಿಲ್ಲ. ಅಣ್ಣನ ಬಾಯಿ ತೆರೆಸಿ, ತುಟಿ ಎಳೆದು, ವಸಡಿನ ಅಂಚನ್ನು ಟಾರ್ಚು ಹಾಕಿ ನೋಡಿದಳು. ಹಲ್ಲಿನ ಬುಡಕ್ಕೆ ಸೀಸದಕಡ್ಡಿಯಲ್ಲಿ ಎಳೆದಂಥ ನೀಲಿಗಪ್ಪು ಗೆರೆ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನೀವು ಏನು ಕೆಲಸ ಮಾಡೋದು?"

ಎರಡು ವರ್ಷ! ನಾಲ್ಕು ಡಾಕ್ಟರು! ಯಾರೂ ಕೇಳಿರಲಿಲ್ಲ. ಅವರಿಗೆ ಬೈಯಲು ಬಾಯಿ ತೆರೆದೆ, ಆಮೇಲೆ ನೆನಪಾಯಿತು: ನಾನಾದರೂ ಎಲ್ಲಿ ಹೇಳಿದ್ದೆ? 'ಏನು ಮಾಡ್ತಾರೆ' ಅಂದರೆ 'ಸ್ವಂತ ಉದ್ಯೋಗ' ಅಂತ ಬರೆಸುತ್ತಿದ್ದೆ. ಮೇಡಂ ಅನ್ನಿಸಿಕೊಳ್ಳುವವಳಿಗೆ ಕಲಾಯಿಯವರ ತಂಗಿ ಅನ್ನಲು ನಾಲಿಗೆ ಬರುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ಅಣ್ಣನದು, ಭಾಭಿಯದು, ನನ್ನದು. ಹತ್ತು ದಿನಕ್ಕೆ ಉತ್ತರ ಬಂತು. ಸೀಸ. ಅಣ್ಣನಲ್ಲಿ ವಿಪರೀತ, ಭಾಭಿಯಲ್ಲಿ ಸಾಕಷ್ಟು, ನನ್ನಲ್ಲೂ ಇರಬಾರದಷ್ಟು ಇತ್ತು. ಒಳಗೆ ಹೋಗುವುದನ್ನು ಮೊದಲು ನಿಲ್ಲಿಸಿ, ಎಲ್ಲಿಂದ ಬರುತ್ತಿದೆ ಪತ್ತೆ ಮಾಡಿ, ಆಮೇಲೆ ಮೈಸೂರಿಗೆ ಬರೆದುಕೊಡುತ್ತೇನೆ, ಅಲ್ಲಿ ಮಾತ್ರೆ ಕೊಡುತ್ತಾರೆ ಅಂದಳು ಡಾಕ್ಟರು. "ಕೈ?" ಅಂದೆ. "ನೋಡೋಣ ಮೇಡಂ, ಈಗಲೇ ಏನೂ ಹೇಳಕ್ಕಾಗಲ್ಲ," ಅಂದಳು.

ಅವತ್ತು ಮನೆಯ ಜಗಲಿಯಲ್ಲಿ ಅಣ್ಣ ಕೇಳಿದ, "ಸೀಸ ಒಟ್ಟೇಗ್ ಓದ್ರೆ ಕೈಯಾಕಮ್ಮಿ ಬೀಳದು?"

ನಾನು ಇದ್ದಿಲ ಚೂರು ತೆಗೆದುಕೊಂಡು ನೆಲದ ಮೇಲೆ ಅದೇ ಅವರೆಕಾಳು ಬರೆದೆ. ನಮ್ಮ ಮೈಯ ಒಂದೊಂದು ಕಣದೊಳಗೂ ಇಂಥ ಒಲೆಗಳು ನೂರಾರು ಇವೆ ಅಂದೆ. ನಾವು ತಿಂದಿದ್ದು ಸೌದೆ, ಎಳೆದ ಉಸಿರು ಗಾಳಿ, ಅಲ್ಲಿ ಹದವಾಗಿ ಉರಿದು ಬರುವುದೇ ನಮ್ಮ ಶಕ್ತಿ. ಸೀಸ ಸುಣ್ಣದಂಶದ ವೇಷ ಹಾಕಿಕೊಂಡು, ಸುಣ್ಣಕ್ಕೆ ಅಂತ ಇರುವ ಬಾಗಿಲಲ್ಲೇ ಒಳಗೆ ನುಗ್ಗುತ್ತದೆ. ನುಗ್ಗಿ, ಒಲೆ ನೋಡಿಕೊಳ್ಳುವ ಕೆಲಸಗಾರರ ಕೈ ಹಿಡಿದುಬಿಡುತ್ತದೆ. ರಕ್ತದ ಕೆಂಪಿಗೆ ಕಬ್ಬಿಣ ಕೂರಿಸುವ ಕೊನೆಯ ಕೆಲಸ ಆಗುವುದೂ ಅದರೊಳಗೇ. ಆ ಕೆಲಸಗಾರನೇ ಕೈಕಟ್ಟಿ ನಿಂತರೆ ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏನು ಬಂತು? ಹದ ತಪ್ಪಿದ ಉರಿಯಿಂದ ಕಿಡಿ ಹಾರುತ್ತದೆ, ಕಿಡಿ ಒಲೆಯ ಗೋಡೆಯನ್ನೇ ಸುಡುತ್ತದೆ. ಕತ್ತಿನಿಂದ ಬೆರಳವರೆಗೆ ಹೋಗುವ ನರ ಇದೆಯಲ್ಲ, ಅಷ್ಟುದ್ದದ ದಾರಿಗೆ ಬಹಳ ಶಕ್ತಿ ಬೇಕು, ಅದಕ್ಕೇ ಅದು ಬೇಗ ಸೋಲುತ್ತದೆ.

ಹೇಳುತ್ತಾ ಹೋದ ಹಾಗೆ ನನಗೇ ಗೊಂದಲ ಶುರುವಾಯಿತು. ಮೊದಲು ಒಲೆ ಕೆಡುವುದೋ, ಮೊದಲು ನರದ ಹೊದಿಕೆ ಕೆಡುವುದೋ? ಒಂದು ಪುಸ್ತಕ ಒಂದು ಹೇಳುತ್ತದೆ, ಇನ್ನೊಂದು ಇನ್ನೊಂದು. ಸಿಡುಕಿಗೂ ಮರೆವಿಗೂ ಇದೇ ಕಾರಣವೋ? ಇರಬಹುದು. ನಾನು ಅಷ್ಟು ವರ್ಷ ಹೇಳಿಕೊಟ್ಟಿದ್ದು ಒಂದು ಸಾಲು, ಅದರ ಹಿಂದೆ ಇಷ್ಟೊಂದು ಇದೆ ಅಂತ ನನಗೇ ಗೊತ್ತಿರಲಿಲ್ಲ.

ಅಣ್ಣ ಚಿತ್ರವನ್ನೇ ನೋಡುತ್ತಿದ್ದ. "ಅಂಗಾರೆ ಇದ್ಲೂ ಅದೆ, ಗಾಳೀನೂ ಅದೆ, ಪಾತ್ರೆ ಮಾತ್ರ ಕಾಯಲ್ಲ ಅನ್ನು."

"ಅದೇ."

"ಅಂಥಾ ಒಲೆಗೆ ಏನ್ ರಿಪೇರಿನಮ್ಮಿ?"

ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ.

ಇನ್ನು ಸೀಸದ ಮೂಲ ಹುಡುಕುವ ಕೆಲಸ. ಬೀದಿಯವರಿಗೆಲ್ಲ ಸುದ್ದಿ ಹೋಯಿತು, ಆಳಿಗೊಂದು ಮಾತು. ಬೋರ್‌ವೆಲ್ ನೀರು ಅಂದರು. ಅರಿಶಿನಕ್ಕೆ ಬಣ್ಣ ಹಾಕ್ತಾರೆ ಅಂದರು. ಯಾವುದೋ ಕಾರ್ಖಾನೆ ಹೊಗೆ ಅಂದರು, ಇಲ್ಲಿಂದ ಕಾರ್ಖಾನೆಗಳಿರುವ ಬದನಗುಪ್ಪೆ ಎಷ್ಟು ದೂರ ಅಂತ ಅವರಿಗೆ ಯಾರಾದರೂ ಹೇಳಬೇಕಿತ್ತು. ನಾನು ಭಾಭಿಯ ಕಣ್ಣಿನ ಸುರ್ಮಾ ಕಿತ್ತುಕೊಂಡು ಚರಂಡಿಗೆ ಎಸೆದೆ. ಅದರಲ್ಲೂ ಸೀಸ ಇರುತ್ತದೆ ಅಂತ ಓದಿದ್ದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅರಿಶಿನದ ಡಬ್ಬಿ, ಮೆಣಸಿನಪುಡಿ, ಕೊಳಾಯಿಯ ನೀರು, ಎಲ್ಲವನ್ನೂ ಬಾಟಲಿಗೆ ತುಂಬಿ ಹೆಸರು ಬರೆದಿಟ್ಟೆ. ಇಷ್ಟೆಲ್ಲ ಮಾಡಿದವಳಿಗೆ ಕಣ್ಣೆದುರಿಗಿನ ಪಾತ್ರೆ ಕಾಣಲಿಲ್ಲ. ಕಲಾಯಿ ಅಂದರೆ ತವರ, ತವರ ನಿರಪಾಯ ಅಂತ ಹುಟ್ಟಿದಾಗಿನಿಂದ ಕೇಳಿದವಳು ನಾನು. ಅಬ್ಬಾ ಹೊಸ ತವರ ತಂದರೆ ಅದರ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ಅಸಲಿ ತವರ ಬಗ್ಗಿಸುವಾಗ ಒಳಗಿನಿಂದ ಕರಕರ ಅನ್ನುತ್ತದೆ. ಅದಕ್ಕೆ ತವರ ಅಳುವುದು ಅನ್ನುತ್ತಾರೆ. ಸೀಸ ಬೆರೆತಿದ್ದರೆ ಅಳದೆ ಸುಮ್ಮನೆ ಬಗ್ಗುತ್ತದೆ. ಅಳದ ತವರವನ್ನು ಅಬ್ಬಾ ಅಂಗಡಿಯವನ ಮುಖಕ್ಕೇ ಎಸೆದು ಬರುತ್ತಿದ್ದರು.

ಈ ನೆನಪು ಬಂದಿದ್ದು ಒಂದು ಗುರುವಾರ, ತರಗತಿಯಲ್ಲಿ, ಅರ್ಧ ವಾಕ್ಯದಲ್ಲಿ. ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದಾರೆ, ನನ್ನ ಬಾಯಿ ನಿಂತುಹೋಗಿದೆ. ಅಂಗಡಿಯವನು ಮೋಸ ಮಾಡಿರಬೇಕು! ತವರಕ್ಕೆ ಸೀಸ ಬೆರೆಸಿ ಕೊಟ್ಟಿರಬೇಕು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಾಗಾದರೆ ದೇಗುಗಳು? ಹಿಂದಿನ ವಾರ ತಾನೇ ಅಣ್ಣ ಎಡಗೈಯಲ್ಲಿ ಒದ್ದಾಡಿಕೊಂಡು ಎರಡು ದೇಗಿಗೆ ಕಲಾಯಿ ಹಾಕಿ ಕೊಟ್ಟಿದ್ದ. ಆ ಗುರುವಾರದ ಮಾರನೆಯ ದಿನವೇ ಹಂಗಳದಲ್ಲಿ ಮದುವೆ, ಊರಿಗೆ ಊರೇ ಉಣ್ಣುತ್ತದೆ.

ಆ ದೇಗುಗಳನ್ನು ಒಯ್ದಿದ್ದ ಮದುವೆಯ ಅಡುಗೆಯವನಿಗೆ ಫೋನು ಮಾಡಿದೆ. ದೇಗಿನಲ್ಲಿ ಅಡುಗೆ ಮಾಡಬೇಡಿ, ಅದರಲ್ಲಿ ವಿಷ ಇರಬಹುದು ಅಂದೆ. ಹೀಗೆಯೇ, ನೆಟ್ಟಗೆ.

"ಮೇಡಂ, ನಿಮ್ಗೇನ್ ತಲೆಗಿಲೆ ಕೆಟ್ಟದಾ? ನಾಳೆ ಮದ್ವೆ ಮಡೀಕಂಡು ವಿಷ ಅಂತೀರಲ್ಲ! ನಿಮ್ಮಣ್ಣನ್ನೇ ಕೇಳ್ತೀನಿ ಬುಡಿ," ಅಂತ ಇಟ್ಟುಬಿಟ್ಟ.

ಕೊನೆಯ ಎರಡು ಪೀರಿಯಡ್ಡು ಬಿಟ್ಟು ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು, ಕಂಡಕ್ಟರನ ಮೇಲೆ ಕೂಗಾಡಿದೆ. ಗುಂಡ್ಲುಪೇಟೆಯಲ್ಲಿ ಇಳಿದು ಓಡುತ್ತಾ ಹೋದರೆ ಮನೆಯ ಮುಂದೆ ಅಡುಗೆಯವನ ಗೂಡ್ಸ್ ಆಟೋ ನಿಂತಿದೆ, ಎರಡು ದೇಗು ಜಗಲಿಯ ಮೇಲಿವೆ, ಅಣ್ಣ ನೆಲದ ಮೇಲೆ ಕೂತಿದ್ದಾನೆ. ಅವನ ಮುಖದಲ್ಲಿ ನಾನು ಹಿಂದೆಂದೂ ನೋಡದ ಅವಮಾನ.

"ನನ್ ಕೆಲ್ಸದ ಮೇಲೆ ಮಣ್ಣಾಕ್ಬುಟ್ಟಲ್ಲಮ್ಮಿ," ಅಂದ.

"ತವರ ತೋರ್ಸು ಭಾಯಿ. ಅಂಗಡಿಯವನು ಸೀಸ ಕಲಸಿದ್ದಾನೆ."

ಅವನು ಗೂಡಿನಿಂದ ಒಂದು ಕಡ್ಡಿ ತೆಗೆದ. ಬಲಗೈಯಲ್ಲಿ ಬಗ್ಗಿಸಲು ಹೋದ, ಆಗಲಿಲ್ಲ. ಅಡುಗೆಯವನೇ ಇಸಿದುಕೊಂಡು ಬಗ್ಗಿಸಿದ. ಕರಕರ ಅಂದಿದ್ದು ನನಗೂ ಕೇಳಿಸಿತು. ಇನ್ನೊಂದು ತೆಗೆದ. ಅದೂ ಅತ್ತಿತು. ಗೂಡಿನಲ್ಲಿ ಇದ್ದ ಒಂದೊಂದನ್ನೂ ಬಗ್ಗಿಸಿ ತೋರಿಸಿದರು.

"ಮೂವತ್ತೈದು ವರ್ಷ ಆಯ್ತು. ಯಾರ್ ದೇಗಿಗೂ ಅಳ್ದೇ ಇರ ತವರ ಆಕಿಲ್ಲ ಕಣಮ್ಮಿ ನಾನು," ಅಂದ ಅಣ್ಣ.

ಅಡುಗೆಯವನು ನನ್ನನ್ನು ಒಂದು ಥರ ನೋಡಿ, ದೇಗು ಆಟೋಗೆ ಏರಿಸಿಕೊಂಡು ಹೋದ. ನಾನು ಪೆಚ್ಚಾಗಿ ನಿಂತೆ. ಅಂಗಡಿಯವನು ಕಳ್ಳನಲ್ಲ, ದೇಗು ಚೆನ್ನಾಗಿವೆ. ಹಾಗಾದರೆ ನಮ್ಮ ಮೂವರ ಹೊಟ್ಟೆಗೆ ಎಲ್ಲಿಂದ ಬಂತು? ಒಳಗೆ ಭಾಭಿ ಪಾತ್ರೆ ಬೆಳಗುವ ಸದ್ದು ಕೇಳುತ್ತಿತ್ತು.

"ಮನೆ ಪಾತ್ರೆಗೂ ಇದೇ ತವರಾನಾ?" ಅಂದೆ.

ಅಣ್ಣ ಇದ್ದಿಲು ಕೆದಕಿದ.

"ಭಾಯಿ, ಕೇಳ್ತಿರೋದು ನಿನ್ನನ್ನೇ."

"ಓಗ್ಲಿ ಬುಡಮ್ಮಿ."

"ಏನ್ ಹೋಗ್ಲಿ? ಮೂರು ಜನರ ಜೀವ ಹೋಗ್ತಿದೆ, ಹೋಗ್ಲಿ ಅಂತೆ!"

ನನ್ನ ಕೂಗಿಗೆ ಭಾಭಿ ಹೊರಗೆ ಬಂದಳು. ಅಣ್ಣ ಕಣ್ಣಿನಲ್ಲೇ ಅವಳಿಗೆ ಬೇಡ ಅಂದಿದ್ದು ನಾನು ಕಂಡೆ. ಅವಳು ಕೇಳಲಿಲ್ಲ. ಒಳಗೆ ಹೋಗಿ ಹೊಲಿಗೆ ಡಬ್ಬಿ ತಂದು ನನ್ನ ಮುಂದಿಟ್ಟಳು. ಅದರೊಳಗೆ ಆರು ಹಳದಿ ಪ್ಲಾಸ್ಟಿಕ್ ರೀಲು. ಬಿಳಿ ದಾರ, ಕೆಂಪು ದಾರ, ತಾಯಿತ ಕಟ್ಟಿದ ಕಪ್ಪು ದಾರ, ಎಲ್ಲ ಅವುಗಳ ಮೇಲೇ ಸುತ್ತಿದ್ದಳು. ಒಂದರ ಪಕ್ಕದಲ್ಲಿ ಹಳೆಯ ಕಾಗದ ಇನ್ನೂ ಅಂಟಿತ್ತು.

ಕಾಲೇಜಿನ ಉಗ್ರಾಣದಲ್ಲಿ ಧೂಳು ಕೊಡವಿ ನಾನೇ ಆರಿಸಿಕೊಂಡ ರೀಲುಗಳು. ಮುಚ್ಚಿಹೋದ ರೇಡಿಯೋ ರಿಪೇರಿ ಕೋರ್ಸಿನ ಬೆಸುಗೆ ತಂತಿ. ಅವತ್ತು ಆ ಕಾಗದದಲ್ಲಿ 'ಎಸ್‌ಎನ್' ಅಂತ ನೋಡಿದೆ. ಎಸ್‌ಎನ್ ಅಂದರೆ ತವರ, ಅಣ್ಣನಿಗೆ ಬೇಕಾಗುತ್ತದೆ ಅಂತ ಖುಷಿಯಾಗಿ ಚೀಲಕ್ಕೆ ತುಂಬಿಕೊಂಡೆ. ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, 'ಪಿಬಿ' ಅಂತಿದೆ. ಸೀಸ. ಎಂಟನೇ ತರಗತಿಯ ಮಗುವಿಗೂ ಗೊತ್ತಿರುತ್ತದೆ. ನಾನು ಒಂದು ಓದಿ ಇನ್ನೊಂದನ್ನು ಓದಲಿಲ್ಲ. 'ಭಾಯಿ, ಒಳ್ಳೇ ತವರ ಕಣೋ, ಕಾಲೇಜಿಂದು' ಅಂತ ಅವನ ಕೈಗೆ ಕೊಟ್ಟಿದ್ದೆ. ಕೊಟ್ಟು ಮರೆತುಬಿಟ್ಟಿದ್ದೆ.

ಅವನು ಅದನ್ನು ಕರಗಿಸಿ ಕಡ್ಡಿ ಮಾಡಿಕೊಂಡಿದ್ದ. ತಂಗಿ ಕೊಟ್ಟಿದ್ದರಿಂದ ಸಂಪಾದನೆ ಮಾಡಬಾರದಲ್ಲ, ಅದಕ್ಕೇ ಗಿರಾಕಿಯ ಒಂದು ಪಾತ್ರೆಗೂ ತಾಗಿಸದೆ, ಮನೆಯ ಪಾತ್ರೆಗಷ್ಟೇ ಇಟ್ಟುಕೊಂಡಿದ್ದ. ಮೂರು ತಿಂಗಳಿಗೊಮ್ಮೆ, ತಪ್ಪದೆ. ಅದರ ಮೇಲೆ ಹುಣಸೆಹುಳಿ ಕುದಿದಿತ್ತು. ಭಾನುವಾರ ಭಾನುವಾರ ಬಂದು ನಾನು ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದೆ.

ಅತ್ತೆ. ರೀಲು ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಕೇಳಿಸುವ ಹಾಗೆ ಅತ್ತೆ. ಓದಿಸಿದವನ ಕೈಯನ್ನೇ ತೆಗೆದೆನಲ್ಲ ಅಂತ ಅತ್ತೆ. ಭಾಭಿ ನನ್ನ ತಲೆ ಹಿಡಿದುಕೊಂಡಳು. ಚರಂಡಿಗೆ ಹೋದ ಸುರ್ಮಾದ ಮಾತು ಎತ್ತಲಿಲ್ಲ.

ಅಳು ನಿಂತ ಮೇಲೆ ಒಂದು ಅನುಮಾನ ತಲೆಯೊಳಗೆ ಹೊಕ್ಕಿತು. ಅದು ಇವತ್ತಿಗೂ ಹೊರಗೆ ಹೋಗಿಲ್ಲ. ತವರವನ್ನು ಬಗ್ಗಿಸಿ ನೋಡದೆ ಮುಟ್ಟುವವನಲ್ಲ ಅಣ್ಣ. ನಾನು ಕೊಟ್ಟಿದ್ದನ್ನೂ ಬಗ್ಗಿಸಿ ಕೇಳಿರಲೇಬೇಕು.

"ಅದು ಅಳ್ತಾ ಭಾಯಿ?" ಅಂದೆ.

"ಇಲ್ಲ," ಅಂದ. "ನನ್ ಕಿವೀನೇ ಓಗದೆ ಅಂದ್ಕಂಡೆ. ಬ್ಲೋಯರ್ ಸದ್ದು ಕೇಳಿ ಕೇಳಿ. ಓದ್ದೋಳು ನೀನು ತವರ ಅಂದ್ಮೇಲೆ ತವರಾನೇಯ."

ಕಿವಿ ಹೋಗಿದೆ ಅಂದುಕೊಂಡಿದ್ದರೆ ದೇಗಿನ ತವರವನ್ನು ಹೇಗೆ ಆರಿಸುತ್ತಿದ್ದ? ನನ್ನ ಮಾತು ನಂಬಿದ್ದನೋ, ನಂಬದೆಯೂ ಹಾಕಿದನೋ? ಗಿರಾಕಿಗೆ ಹಾಕದಿದ್ದುದು ಅಬ್ಬಾನ ಕಟ್ಟಳೆಗೋ, ಅಥವಾ ಒಳಗೊಳಗೇ ಅದರ ಮೇಲೆ ಅನುಮಾನವಿತ್ತೋ? ಅನುಮಾನವಿದ್ದರೆ ಮನೆಗೆ ಯಾಕೆ ಹಾಕಿದ? ಹೀಗೆ ಕೇಳಿದೆ, ಹಾಗೆ ಕೇಳಿದೆ, ಸಿಟ್ಟಿನಲ್ಲಿ ಕೇಳಿದೆ, ಕೈ ಹಿಡಿದು ಕೇಳಿದೆ. ಒಂದೊಂದು ಸಲ ಒಂದೊಂದು ಹೇಳಿದ. ಅವನಿಗೇ ಗೊತ್ತಿಲ್ಲವೇನೋ. ಇಲ್ಲಾ, ಸೀಸ ಆ ನೆನಪನ್ನೂ ತಿಂದಿದೆಯೋ ಏನೋ.

ಒಂದು ಸಲ ಮಾತ್ರ ರೇಗಿದ. "ಇನ್ನೇನಮ್ಮಿ ಮಾಡ್ಲಿ? ನೀನ್ ಬಸ್ಸಲ್ಲಿ ಒತ್ಕಂಡು ಬಂದ್ ಕೊಟ್ಟಿದ್ದೆ. ಎಸೆಯಕಾಯ್ತದಾ?"

ಅದಾದ ಮೇಲೆ ನಾನು ಕೇಳಲಿಲ್ಲ.

ಮೈಸೂರಿನಲ್ಲಿ ಮಾತ್ರೆ ಕೊಟ್ಟರು, ಕೊಳೆತ ಮೊಟ್ಟೆಯ ವಾಸನೆಯ ಮಾತ್ರೆ. ನುಂಗುವಾಗೆಲ್ಲ ನನ್ನ ಕಡೆ ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದ. ಅಮ್ಮನ ಪಾತ್ರೆಯನ್ನು ಕೆರೆದು, ಸುಟ್ಟು, ಮೂಲೆಗಿಟ್ಟೆವು. ಖಟ್ಟಾ ಸ್ಟೀಲಿಗೆ ಬಂತು. ಹೊಟ್ಟೆನೋವು ಹೋಯಿತು, ಸಿಡುಕು ಹೋಯಿತು, ರಕ್ತ ಏರಿತು. ಭಾಭಿ ಮೆಟ್ಟಿಲು ಹತ್ತುತ್ತಾಳೆ. ಕೈ ಅರ್ಧ ಬಂದಿದೆ. ಚಹಾ ಲೋಟ ಎತ್ತುತ್ತಾನೆ, ಸೌಟು ಎತ್ತುತ್ತಾನೆ, ದೇಗು ತಿರುಗಿಸಲಾರ. ಉಳಿದರ್ಧ ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ತರಗತಿಯಲ್ಲಿ ಈಗ ಮೈಟೋಕಾಂಡ್ರಿಯಾಕ್ಕೆ ಒಂದು ವಾರ ತಗೊಳ್ಳುತ್ತೇನೆ. ಸಿಲಬಸ್ ಮುಗಿದಿಲ್ಲ ಅಂತ ಪ್ರಿನ್ಸಿಪಾಲರು ಗೊಣಗುತ್ತಾರೆ, ಗೊಣಗಲಿ.

ಭಾನುವಾರ ಈಗ ನಾನು ಕಲಾಯಿಗೆ ಕೂರುತ್ತೇನೆ. ಅವನು ಹೇಳುತ್ತಾನೆ, ನಾನು ಉಜ್ಜುತ್ತೇನೆ. ಬೆರಳು ಸುಟ್ಟುಕೊಳ್ಳುತ್ತೇನೆ, ಬೈಸಿಕೊಳ್ಳುತ್ತೇನೆ. ಹೋದ ವಾರ ಹೊಸ ತವರ ಬಂತು. ಕಡ್ಡಿ ಬಗ್ಗಿಸುವಷ್ಟು ಬಲ ಅವನ ಮಣಿಕಟ್ಟಿಗೆ ಇನ್ನೂ ಇಲ್ಲ, ನನ್ನ ಕೈಗೆ ಕೊಟ್ಟ. ನಾನು ಅದನ್ನು ಅವನ ಕಿವಿಯ ಹತ್ತಿರ ಒಯ್ದೆ. ಅವನು ತಲೆ ಹಿಂದಕ್ಕೆ ಎಳೆದುಕೊಂಡು, ನನ್ನ ಕೈಯನ್ನು ತನ್ನ ಸೋತ ಕೈಯಿಂದ ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

"ನಿನ್ ಕಿವೀಗ್ ಇಟ್ಕ," ಅಂದ. ಇಟ್ಟುಕೊಂಡು ಬಗ್ಗಿಸಿದೆ.

"ಅಳ್ತಾ?"

"ಅಳ್ತು," ಅಂದೆ.

"ಅಂಗಾರೆ ಆಕು," ಅಂದ ಅಣ್ಣ.